ನೆಸ್ಮಾ ಕಟ್ಟೋಕೆ ಒಂದು ಜಾಗ

"ಆ ಜಾಗ ಆಗಲ್ಲ ಮದಾಮ್."

ಎಮ್ನಾ ತಿರುಗಿ ನೋಡಿದಳು. ಜೆಟ್ಟಿಯ ಹಲಗೆಗಳ ಮೇಲೆ ಒಬ್ಬ ಗಂಡಸು ನಿಂತಿದ್ದ. ನಲವತ್ತರ ಆಸುಪಾಸು. ಕಡುನೀಲಿ ಸ್ವೆಟರ್, ಸೊಂಟಕ್ಕೆ ಕೀಲಿಗೊಂಚಲು, ಉಪ್ಪುಗಾಳಿಗೆ ಕಂದಿದ ಮುಖ.

"ಯಾಕಾಗಲ್ಲ? ಖಾಲಿನೇ ಇದೆಯಲ್ಲ."

"ಖಾಲಿ ಕಾಣುತ್ತೆ. ಬೇರೆಯವರಿಗೆ ಹೇಳಿಟ್ಟಿದೆ."

"ಯಾರಿಗೆ?"

ಅವನು ಒಂದು ಕ್ಷಣ ಸಮುದ್ರದ ಕಡೆ ನೋಡಿದ.

"ಇಟಲಿಯವರೊಬ್ಬರಿಗೆ."

ಆ ಒಂದು ಕ್ಷಣ ಎಮ್ನಾಳಿಗೆ ಸಾಕಾಗಿತ್ತು. ನಿಜ ಹೇಳುವವನು ಸಮುದ್ರ ನೋಡಿಕೊಂಡು ಯಾಕೆ ಹೇಳಬೇಕು?

"ನಾನು ಮದಾಮ್ ಅಲ್ಲ. ಮದುವೆ ಆಗಿಲ್ಲ," ಎಂದಳು, ಅಗತ್ಯಕ್ಕಿಂತ ಗಡುಸಾಗಿ.

"ಸರಿ. ನಾನು ನೌಫೆಲ್. ಇಲ್ಲಿ ದೋಣಿಗಳಿಗೆ ಜಾಗ ಕೊಡೋದು ನಾನೇ."

ಕೊಡೋದೋ, ಕೊಡದೇ ಇರೋದೋ... ಎಂದುಕೊಂಡು ಎಮ್ನಾ ಒಂಬತ್ತನೇ ನಂಬರಿನ ಆ ಖಾಲಿ ನೀರನ್ನು ಇನ್ನೊಮ್ಮೆ ನೋಡಿದಳು.

ಬಿಜೆರ್ತೆ ಪಟ್ಟಣದಿಂದ ಅರ್ಧ ಗಂಟೆ ದೂರದ ರಾಸ್ ಝಿತೂನ್ ಚಿಕ್ಕ ಮರೀನಾ, ಹಾಯಿದೋಣಿಗಳು ತಂಗುವ ಬಂದರು. ನಲವತ್ತು ದೋಣಿ ಕಟ್ಟಿದರೆ ತುಂಬಿಹೋಗುವಷ್ಟು. ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಎಮ್ನಾ ಜನವರಿಯಲ್ಲಿ ಆರು ಮೀಟರಿನ ಒಂದು ಹಾಯಿದೋಣಿ ಕೊಂಡಿದ್ದಳು. ಅವಳ ಮೊದಲ ದೋಣಿ. ಹೆಸರು ನೆಸ್ಮಾ, ಅಂದರೆ ತಂಗಾಳಿ. ಈಗ ಅದು ರಿಪೇರಿ ಅಂಗಳದಲ್ಲಿ ಮರದ ಕಾಲುಗಳ ಮೇಲೆ ನಿಂತಿತ್ತು. ತಿಂಗಳ ಕೊನೆಗೆ ಅಂಗಳ ಖಾಲಿ ಮಾಡಬೇಕು. ಅಷ್ಟರೊಳಗೆ ನೀರಿನಲ್ಲಿ ಜಾಗ ಸಿಗದಿದ್ದರೆ ನೆಸ್ಮಾಳನ್ನು ಹಳೆಯ ಒಡೆಯನಿಗೇ ವಾಪಸ್ ಕಳಿಸಬೇಕಿತ್ತು.

ಮಾರನೆಯ ದಿನ ಪಾಳಿ ಮುಗಿಸಿ ಅವಳು ಮತ್ತೆ ಬಂದಳು.

"ಹದಿನಾಲ್ಕು ಕೊಡಿ."

"ಅಲ್ಲಿ ಆಳ ಇಲ್ಲ. ನಿಮ್ಮ ದೋಣಿಯ ಅಡಿ ತಳಕ್ಕೆ ತಾಗುತ್ತೆ."

ಮೂರನೆಯ ದಿನ.

"ಇಪ್ಪತ್ತೆರಡು?"

"ಅದಂತೂ ಬೇಡವೇ ಬೇಡ. ದೋಣಿ ಹಿಡಿದಿಡೋ ನೀರಡಿಯ ಸರಪಳಿಯ ಕೊಂಡಿ ಸವೆದಿದೆ."

"ಸಿ ನೌಫೆಲ್, ನಿಮ್ಮ ಮರೀನಾದಲ್ಲಿ ಸರಿ ಇರೋ ಜಾಗ ಅಂತ ಒಂದಾದರೂ ಇದೆಯಾ?" ‘ಸಿ’ ಎಂಬ ಗೌರವದ ಪದವನ್ನು ಅವಳು ಒತ್ತಿ ಹೇಳಿದಳು.

ಅವನ ತುಟಿಯಂಚಿನಲ್ಲಿ ನಗು ಬಂದು ಮಾಯವಾಯಿತು. "ನಾಳೆ ಬನ್ನಿ. ಏನಾದರೂ ಆಗುತ್ತಾ ನೋಡೋಣ."

ನಾಳೆ... ನಾಡಿದ್ದು... ಹೀಗೇ ಎರಡು ವಾರ ಕಳೆಯಿತು. ಪ್ರತಿದಿನವೂ ಅವನು ಚಹಾ ತರಿಸುತ್ತಿದ್ದ. ಪುದೀನ ಹಾಕಿದ, ಸಿಹಿ ಜಾಸ್ತಿ ಇರುವ ಚಹಾ. ದೋಣಿಯ ಬಗ್ಗೆ, ಹಾಯಿಯ ಬಗ್ಗೆ, ಯೂತ್ ಕ್ಲಬ್ಬಿನಲ್ಲಿ ಅವಳು ದೋಣಿ ನಡೆಸಲು ಕಲಿತ ಮೂರು ವರ್ಷಗಳ ಬಗ್ಗೆ ಕೇಳುತ್ತಿದ್ದ. ಅವಳು ಮಾತಾಡುವಾಗ ಗಮನವಿಟ್ಟು ಕೇಳುತ್ತಿದ್ದ. ಅದೇ ಅವಳಿಗೆ ಕಿರಿಕಿರಿ.

ಇಷ್ಟು ಒಳ್ಳೆಯವನ ಹಾಗೆ ಇರುವವನು ಇಷ್ಟು ಸಲ ಇಲ್ಲ ಅನ್ನೋದು ಯಾಕೆ?

ಎಮ್ನಾಳಿಗೆ ಅನುಮಾನ ಹುಟ್ಟುಗುಣವಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಹುಡುಗ ಫ್ರಾನ್ಸಿನಲ್ಲಿ ಬೇರೊಬ್ಬಳನ್ನು ಮದುವೆಯಾಗಿದ್ದ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಆ ವಿಷಯ ಅಮ್ಮನಿಗೆ, ಅಣ್ಣ ಲಸ್ಸಾದ್‌ಗೆ, ಚಿಕ್ಕಮ್ಮಂದಿರಿಗೆಲ್ಲ ನಾಲ್ಕು ತಿಂಗಳ ಮೊದಲೇ ಗೊತ್ತಿತ್ತು. ಅವಳು ಮದುವೆಯ ಬಟ್ಟೆಗೆ ಅಳತೆ ಕೊಡುತ್ತಿದ್ದಳು. ಅವರೆಲ್ಲ ಸುಮ್ಮನಿದ್ದರು.

"ನಿನ್ನ ಒಳ್ಳೇದಕ್ಕೇ ಹೇಳಲಿಲ್ಲ ಕಣೇ," ಎಂದಿದ್ದ ಲಸ್ಸಾದ್.

ಅಂದಿನಿಂದ ಯಾರ ನಗುವಿನ ಹಿಂದೆ ಏನಿದೆ ಎಂದು ನೋಡುವುದು ಅವಳಿಗೆ ರೂಢಿಯಾಗಿತ್ತು. ಆಸ್ಪತ್ರೆಯಲ್ಲಾದರೆ ಅದಕ್ಕೆ ಯಂತ್ರವಿತ್ತು. ಹೊರಗೆ ಇರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ, ನೌಫೆಲ್ ಮಸೀದಿಗೆ ಹೋಗಿದ್ದಾಗ, ಅವಳು ಒಂದು ಉದ್ದ ದಾರಕ್ಕೆ ಮೀನುಗಾರರ ಸೀಸದ ಗುಂಡು ಕಟ್ಟಿಕೊಂಡು ಜೆಟ್ಟಿಗೆ ಬಂದಳು. ಹದಿನಾಲ್ಕನೇ ಜಾಗದಲ್ಲಿ ದಾರ ಇಳಿಬಿಟ್ಟಳು. ಎರಡು ಮೀಟರ್ ಹತ್ತು. ಮತ್ತೆ ಬಿಟ್ಟಳು, ಅಂಚಿನಲ್ಲಿ, ನಡುವಿನಲ್ಲಿ. ಎಲ್ಲೂ ಎರಡಕ್ಕೆ ಕಡಿಮೆ ಇಲ್ಲ.

ನೆಸ್ಮಾಳಿಗೆ ಬೇಕಾದದ್ದು ಒಂದು ಮೀಟರ್ ನೀರು.

ಆಫೀಸಿಗೆ ಹೋಗಿ ಗುಮಾಸ್ತೆ ಬೇಯಾಳನ್ನು ಕೇಳಿದಳು. "ಒಂಬತ್ತನೇ ನಂಬರಿನ ಇಟಲಿಯವರು ಯಾವಾಗ ಬರ್ತಾರೆ?"

ಬೇಯಾ ರಿಜಿಸ್ಟರ್ ತಿರುವಿದಳು. "ಯಾವ ಇಟಲಿಯವರು? ಅದು ಅಕ್ಟೋಬರಿನಿಂದ ಖಾಲಿ ಬಿದ್ದಿದೆಯಲ್ಲಮ್ಮ."

ಎಮ್ನಾ ಹೊರಗೆ ಬಂದಳು. ಸುಳ್ಳು... ಎರಡೂ ಸುಳ್ಳು. ಅಂದರೆ ಮೂರೂ ಸುಳ್ಳು.

ಆದರೆ ಯಾಕೆ?

ಉತ್ತರ ಅಂದೇ ಸಿಕ್ಕಿತು. ಊರೊಳಗೆ ಲಬ್ಲಾಬಿ ಮಾರುವ ಅಂಗಡಿಯ ಗಾಜಿನಾಚೆ, ಕಡಲೆಯ ಬಿಸಿ ಸಾರಿಗೆ ರೊಟ್ಟಿ ಮುರಿದು ಹಾಕುತ್ತಾ ನೌಫೆಲ್ ಕೂತಿದ್ದ. ಎದುರಿಗೆ ಅವಳ ಅಣ್ಣ ಲಸ್ಸಾದ್. ಅಣ್ಣನ ಕೈ ಅವನ ಹೆಗಲ ಮೇಲಿತ್ತು.

ಅವಳು ಒಳಗೆ ಹೋಗಲಿಲ್ಲ. ಮತ್ತೆ ಅದೇ... ನನ್ನ ಬಗ್ಗೆ ಎಲ್ಲ ತೀರ್ಮಾನ ಮಾಡಿ ನನಗೊಬ್ಬಳಿಗೇ ಹೇಳದೆ ಇರೋದು!

ಮರುದಿನ ಬೆಳಿಗ್ಗೆ ಅವಳು ನೇರವಾಗಿ ಅವನ ಮೇಜಿನ ಮುಂದೆ ನಿಂತಳು. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮಣ್ಣ ಏನು ಹೇಳಿದ?"

ನೌಫೆಲ್ ಪೆನ್ನು ಕೆಳಗಿಟ್ಟ. ಈ ಸಲ ಸಮುದ್ರ ನೋಡಲಿಲ್ಲ.

"ಈ ವರ್ಷ ನಿಮಗೆ ಜಾಗ ಕೊಡಬೇಡ ಅಂದ. ನಾವಿಬ್ಬರೂ ಕರಾವಳಿ ಕಾವಲು ಪಡೆಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಒಂದು ಸಲ ನಾನು ನೀರಿಗೆ ಬಿದ್ದಾಗ ನನ್ನ ಕಾಲರ್ ಹಿಡಿದು ಎಳೆದವನು ಅವನೇ. ಅವನು ಕೇಳಿದ, ನಾನು ಹೂಂ ಅಂದೆ. ತಪ್ಪು ಮಾಡಿದೆ."

"ಎಷ್ಟು ಸುಳ್ಳು?"

"ಎರಡು. ಒಂಬತ್ತು, ಹದಿನಾಲ್ಕು. ಇಪ್ಪತ್ತೆರಡರ ಮಾತು ನಿಜ. ಅಲ್ಲಿ ಕೊಂಡಿ ಸವೆದಿದೆ. ಅಲ್ಲಿ ಮಾತ್ರ ಕಟ್ಟಬೇಡಿ."

ಎಮ್ನಾ ನಕ್ಕಳು. ಆ ನಗುವಿನಲ್ಲಿ ಖುಷಿ ಇರಲಿಲ್ಲ.

"ಎರಡು ಸುಳ್ಳು ಹೇಳಿದವರು ಮೂರನೇದನ್ನ ನಂಬಿ ಅಂತೀರಾ?"

"ನಂಬಿ ಅನ್ನೋ ಹಕ್ಕು ನನಗಿಲ್ಲ. ಆದರೂ ಹೇಳ್ತಿದೀನಿ."

"ಬೇಯಾ," ಎಂದು ಅವಳು ಪಕ್ಕದ ಕೋಣೆಯತ್ತ ಕೂಗಿದಳು, "ಇಪ್ಪತ್ತೆರಡು ನನ್ನ ಹೆಸರಿಗೆ ಬರೀರಿ."

"ಬರೀಬೇಡ ಬೇಯಾ, ಅಲ್ಲಿ ಸರಪಳಿ..." ಎಂದ ನೌಫೆಲ್.

ಬೇಯಾ ಬಾಗಿಲಿಗೆ ಬಂದು ರಿಜಿಸ್ಟರ್ ತೋರಿಸಿದಳು. "ಸರಪಳಿ ದೂರು ಅಂತ ಇದರಲ್ಲಿ ಏನೂ ಇಲ್ಲವಲ್ಲ, ಸಿ ನೌಫೆಲ್."

ಅವನ ಮುಖ ಕಪ್ಪಿಟ್ಟಿತು. ಕಳೆದ ತಿಂಗಳೇ ನೋಡಿದ್ದ, ಬರೆಯುವುದು ಬಿಟ್ಟುಹೋಗಿತ್ತು.

ಎಮ್ನಾ ಸಹಿ ಹಾಕಿ ಹೊರಟಳು.

ನಾಲ್ಕು ದಿನದ ಮೇಲೆ ನೆಸ್ಮಾ ನೀರಿಗಿಳಿಯಿತು. ಇಪ್ಪತ್ತೆರಡು ಜೆಟ್ಟಿಯ ತುದಿಯ ಜಾಗ. ಮುಂದೆ ಬರೀ ನೀರು, ಹಾಯಿ ಬಿಚ್ಚಿದರೆ ನೇರ ಹೊರಗೆ. ದೋಣಿಯ ಹಿಂಭಾಗವನ್ನು ಜೆಟ್ಟಿಗೆ ಬಿಗಿದಳು, ಮೂತಿಯನ್ನು ನೀರಡಿಯ ಸರಪಳಿಯಿಂದ ಮೇಲೆ ಬರುವ ಹಗ್ಗಕ್ಕೆ ಬಿಗಿದಳು. ಜಗ್ಗಿ ನೋಡಿದಳು. ಬಂಡೆಯ ಹಾಗಿತ್ತು.

ಮೂರನೇದೂ ಸುಳ್ಳೇ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಶನಿವಾರ ಪಶ್ಚಿಮದ ಗಾಳಿ ಏಳುತ್ತದೆಂದು ರೇಡಿಯೋ ಹೇಳಿತು. ಮಧ್ಯಾಹ್ನ ಪಾಳಿ ಮುಗಿದದ್ದೇ ಎಮ್ನಾ ಮರೀನಾಕ್ಕೆ ಓಡಿದಳು. ಹಾಯಿಕಂಬಗಳಿಗೆ ಹಗ್ಗಗಳು ಟಕಟಕ ಬಡಿಯುತ್ತಿದ್ದವು. ದೂರದಿಂದಲೇ ಅವಳಿಗೆ ಕಂಡಿತು. ನೆಸ್ಮಾಳ ಮೇಲೆ ಮಡಚಿಟ್ಟ ಕಡುನೀಲಿ ಸ್ವೆಟರ್. ಪಕ್ಕದಲ್ಲಿ ಒಂದು ಜೊತೆ ಬೂಟು.

ದೋಣಿಯ ಮೂತಿಯ ಹತ್ತಿರ ನೀರನ್ನು ಸೀಳಿಕೊಂಡು ನೌಫೆಲ್‌ನ ತಲೆ ಮೇಲೆದ್ದಿತು. ಅವನ ಕೈಯಲ್ಲಿ ಚಾಕು ಇತ್ತು.

"ಏನು ಮಾಡ್ತಿದೀರಾ? ನನ್ನ ದೋಣಿ ಕತ್ತರಿಸಿ ಬಿಡ್ತಿದೀರಾ? ಇದನ್ನೂ ಅಣ್ಣನೇ ಹೇಳಿಕೊಟ್ಟನಾ?"

ಅವನ ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಏಣಿ ಹಿಡಿದು ಮೇಲೆ ಬಂದ, ನೀರೊಳಗೆ ನೋಡುವ ಕನ್ನಡಕವನ್ನು ತೆಗೆದು ಅವಳ ಮುಂದಿಟ್ಟ.

"ನಾನು ಏನು ಹೇಳಿದರೂ ನೀವು ನಂಬಬೇಡಿ. ಹಗ್ಗ ಹಿಡ್ಕೊಂಡು ಇಳಿದು ನೀವೇ ನೋಡಿ. ಬೇಗ. ಗಾಳಿ ಜೋರಾಗ್ತಿದೆ."

ಎಮ್ನಾ ಅವನನ್ನು ನೋಡಿದಳು. ಕನ್ನಡಕ ನೋಡಿದಳು. ನಾನು ಕೆಳಗಿದ್ದಾಗ ಇವನು ಮೇಲೆ ಏನಾದರೂ ಮಾಡಿದರೆ?

"ದೋಣಿ ಬಿಟ್ಟು ಆ ಕಡೆ ದೂರ ಹೋಗಿ ನಿಂತ್ಕೊಳ್ಳಿ," ಎಂದಳು.

ಅವನು ಬರಿಗಾಲಲ್ಲಿ, ಸೋರುತ್ತಿದ್ದ ಬಟ್ಟೆಯಲ್ಲೇ ಹೋಗಿ ಇಪ್ಪತ್ತು ಹೆಜ್ಜೆ ದೂರ ನಿಂತ.

ಅವಳು ಕೋಟು, ಬೂಟು ತೆಗೆದು ನೀರಿಗಿಳಿದಳು. ಚಳಿ ಎದೆಗೆ ಗುದ್ದಿದಂತಾಯಿತು. ಹಗ್ಗ ಹಿಡಿದು ಮಸುಕು ಹಸಿರಿನೊಳಗೆ ಇಳಿಯುತ್ತಾ ಹೋದಳು. ಪಾಚಿ... ಕಪ್ಪೆಚಿಪ್ಪು... ಆಮೇಲೆ ಸರಪಳಿ. ಹಗ್ಗ ಸೇರುವ ಕೊಂಡಿಯನ್ನು ಬೆರಳಿನಿಂದ ತಡವಿದಳು. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ ಕಬ್ಬಿಣ ಒಂದು ಕಡೆ ಪೆನ್ಸಿಲಿನ ಮೊನೆಯಷ್ಟು ಉಳಿದಿತ್ತು.

ಅದರ ಪಕ್ಕದಲ್ಲೇ ಇನ್ನೊಂದು ಹಗ್ಗ, ಹೊಸದು. ದಪ್ಪ ಸರಪಳಿಗೆ ಎರಡು ಸುತ್ತು ಸುತ್ತಿ ಮೇಲಕ್ಕೆ, ನೆಸ್ಮಾಳ ಮೂತಿಯ ಕಡೆಗೆ ಹೋಗಿತ್ತು. ಗಂಟಿನ ತುದಿಯನ್ನು ಚಾಕುವಿನಿಂದ ಕೊಯ್ದ ಗುರುತು ಇನ್ನೂ ಹಸಿಯಾಗಿತ್ತು.

ಅವಳು ಮೇಲೆ ಬಂದಾಗ ಅವನು ಅದೇ ಜಾಗದಲ್ಲಿ ನಿಂತು ನಡುಗುತ್ತಿದ್ದ.

"ಈ ಹೊಸ ಹಗ್ಗ ಎಷ್ಟು ಹೊತ್ತು ತಡಿಯುತ್ತೆ?"

"ನೀವು ಬರೋವರೆಗೆ ತಡೀಲಿ ಅಂತ ಕಟ್ಟಿದೆ. ಇವತ್ತಿನ ಗಾಳಿಗೆ ಸಾಲದು. ಸರಪಳಿಗೆ ಉಜ್ಜಿ ಉಜ್ಜಿ ಹರಿಯುತ್ತೆ."

"ಹಾಗಾದ್ರೆ ಹದಿನಾಲ್ಕಕ್ಕೆ ಹೋಗೋಣ. ಅಲ್ಲಿಯ ಆಳ ನಾನೇ ಅಳೆದಿದೀನಿ. ಹಿಂದಿನ ಹಗ್ಗ ಬಿಡಿ, ನಾನು ಚುಕ್ಕಾಣಿ ಹಿಡೀತೀನಿ."

ನೌಫೆಲ್ ಒಂದು ಮಾತೂ ಎದುರಾಡಲಿಲ್ಲ. ಹೀಗೆ ತಿರುಗಿಸಿ, ಹಾಗೆ ಮಾಡಿ ಎನ್ನಲೂ ಇಲ್ಲ. ಅವಳು ಹೇಳಿದಾಗ ಹಗ್ಗ ಬಿಟ್ಟ, ಹೇಳಿದಾಗ ಎಳೆದ. ಗಾಳಿ ನೆಸ್ಮಾಳನ್ನು ಎರಡು ಸಲ ಅಡ್ಡ ತಳ್ಳಿತು. ಮೂರನೆಯ ಸಲಕ್ಕೆ ಎಮ್ನಾ ಅವಳನ್ನು ಹದಿನಾಲ್ಕರೊಳಗೆ ಸೇರಿಸಿದಳು.

ಸಂಜೆಯೊಳಗೆ ಅಲೆಗಳು ಜೆಟ್ಟಿಯ ತುದಿಯನ್ನು ಹತ್ತಿ ಇಳಿಯತೊಡಗಿದವು. ಖಾಲಿ ಇಪ್ಪತ್ತೆರಡರ ಹಗ್ಗಗಳು ನೀರಿನ ಮೇಲೆ ಬಿಡಿಯಾಗಿ ತೇಲುತ್ತಿದ್ದವು. ಎಮ್ನಾ ಅದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಲು ಆಗಲಿಲ್ಲ.

ಮರುದಿನ ಲಸ್ಸಾದ್ ತಾನಾಗಿಯೇ ಮರೀನಾಕ್ಕೆ ಬಂದ. ಅವಳು ದೋಣಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ನೌಫೆಲ್ ಎಲ್ಲ ಹೇಳಿದ," ಎಂದ ಅಣ್ಣ. "ಈ ಸಮುದ್ರದಿಂದ ನಾನು ಎಷ್ಟು ಜನರನ್ನ ಎತ್ತಿದೀನಿ ಗೊತ್ತಾ ನಿನಗೆ? ಉಸಿರು ಇದ್ದವರು ಕಮ್ಮಿ. ನಿನ್ನನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲ್ಲ."

"ಇದನ್ನ ನನಗೇ ಹೇಳಬಹುದಿತ್ತಲ್ಲ ಅಣ್ಣ. ಲೈಫ್ ಜಾಕೆಟ್ ತೋರಿಸ್ತಿದ್ದೆ. ಹಗ್ಗ, ದೀಪ, ಎಲ್ಲ ತೋರಿಸ್ತಿದ್ದೆ. ಬೈದಿದ್ದರೂ ಕೇಳ್ಕೊಳ್ತಿದ್ದೆ. ನೀನು ನನ್ನನ್ನ ಬಿಟ್ಟು ಊರೆಲ್ಲರ ಹತ್ರ ಮಾತಾಡ್ತೀಯ."

ಲಸ್ಸಾದ್ ತಲೆ ತಗ್ಗಿಸಿದ. ಅವಳು ಕಿತ್ತಳೆಯ ಅರ್ಧ ಹೋಳನ್ನು ಮುಂದೆ ಚಾಚಿದಳು. ಅವನು ತೆಗೆದುಕೊಂಡ.

"ಜಾಕೆಟ್ ತೋರಿಸು," ಎಂದ.

ಆ ವಾರವಿಡೀ ಆಫೀಸಿನ ಮೇಜಿನ ಹಿಂದೆ ನೌಫೆಲ್ ಕಾಣಲಿಲ್ಲ.

"ಅವರು ಡೈರೆಕ್ಟರ್ ಹತ್ರ ಹೋಗಿ ತಾವೇ ಹೇಳಿಬಿಟ್ಟರಮ್ಮ," ಎಂದಳು ಬೇಯಾ. "ಗ್ರಾಹಕರಿಗೆ ಸುಳ್ಳು ಹೇಳಿದೀನಿ, ಸರಪಳಿ ವಿಷಯ ಬರೆಯೋದು ಬಿಟ್ಟಿದೀನಿ ಅಂತ. ಈಗ ಜಾಗ ಕೊಡೋ ಕೆಲಸ ನಂದು. ಅವರನ್ನ ಡೀಸೆಲ್ ಪಂಪಿಗೆ ಹಾಕಿದಾರೆ. ಯಾರೂ ಕೇಳಿರಲೇ ಇಲ್ಲ ನೋಡಿ."

ಯಾರೂ ಕೇಳದೆಯೇ ನಿಜ ಹೇಳಿದವರನ್ನು ಎಮ್ನಾ ನೋಡಿ ಎಷ್ಟು ಕಾಲವಾಗಿತ್ತೋ... ಆದರೂ ಮನಸ್ಸು ಅಳುಕುತ್ತಿತ್ತು. ಇದೂ ನನ್ನನ್ನ ಮೆಚ್ಚಿಸೋಕೆ ಮಾಡಿದ್ದಾಗಿದ್ದರೆ?

ಕೇಳಿಯೇ ಬಿಡಬೇಕು ಎಂದು ಪಂಪಿನ ಹತ್ತಿರ ಹೋದಳು. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸುತ್ತಾ ಎದ್ದು ನಿಂತ.

"ಒಂದು ಪ್ರಶ್ನೆ. ನನಗೆ ದೋಣಿ ನಡೆಸೋಕೆ ಬರುತ್ತೆ ಅಂತ ಮೊದಲ ವಾರವೇ ನಿಮಗೆ ಗೊತ್ತಾಗಿತ್ತು. ಆಮೇಲೂ ಯಾಕೆ ಸತಾಯಿಸಿದ್ರಿ?"

ಅವನು ಬಟ್ಟೆಯನ್ನು ಪಂಪಿನ ಮೇಲಿಟ್ಟ.

"ಮೊದಲ ವಾರ ಲಸ್ಸಾದ್‌ಗೋಸ್ಕರ. ಎರಡನೇ ವಾರ... ನನಗೋಸ್ಕರ. ಜಾಗ ಕೊಟ್ಟುಬಿಟ್ಟರೆ ನೀವು ದಿನಾ ಆಫೀಸಿಗೆ ಬರಲ್ಲ ಅನ್ನಿಸಿತು."

ಎಮ್ನಾಳ ಕಿವಿ ಬಿಸಿಯಾಯಿತು. "ಇದು ಮೊದಲನೇದಕ್ಕಿಂತ ಕೆಟ್ಟದ್ದು."

"ಗೊತ್ತು. ಅದಕ್ಕೇ ಹೇಳೋಕೆ ಇಷ್ಟು ದಿನ ಆಯ್ತು. ನೀವು ಬರಲ್ಲ ಅಂದ್ರೂ ನಾನು ಇನ್ನು ಸುಳ್ಳು ಹೇಳಲ್ಲ, ಎಮ್ನಾ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅವಳು ತನ್ನೊಳಗೆ ಸಿಟ್ಟನ್ನು ಹುಡುಕಿದಳು. ಸಿಟ್ಟು ಸಿಗಲಿಲ್ಲ. ತಿರುಗಿ ನಡೆದಳು.

ಹತ್ತು ದಿನ ಹೋಯಿತು. ಅವನು ಹದಿನಾಲ್ಕರ ಕಡೆ ಬರಲಿಲ್ಲ, ಯಾರ ಕೈಲೂ ಮಾತು ಕಳಿಸಲಿಲ್ಲ. ಕೊನೆಗೆ ಕಾದು ಸುಸ್ತಾದದ್ದು ಅವಳೇ ಎಂದು ಎಮ್ನಾಳಿಗೆ ಅರ್ಥವಾಯಿತು.

ಏಪ್ರಿಲ್ಲಿನ ಮೊದಲ ಭಾನುವಾರ, ಬೆಳಗಿನ ಹತ್ತು ಗಂಟೆ. ಗಾಳಿ ಹಿತವಾಗಿತ್ತು. ಬೇಯಾಳ ಕೈಲಿ ಹೇಳಿ ಕಳಿಸಿದ ಮೇಲೆ ನೌಫೆಲ್ ಬಂದು ಜೆಟ್ಟಿಯ ಮೇಲೆ ನಿಂತ. ದೋಣಿಗೆ ಕಾಲಿಡಲಿಲ್ಲ.

"ಕರೆದ್ರಂತೆ."

"ಈ ಜಾಗದ ಬಗ್ಗೆ ನಿಮ್ಮ ಅಭಿಪ್ರಾಯ ಏನು? ನಿಜ ಹೇಳಿ."

ಅವನು ಸುತ್ತ ನೋಡಿದ. "ಕಿರಿದು. ಪೂರ್ವದ ಗಾಳಿ ಬಂದರೆ ಪಕ್ಕದ ದೋಣಿಗೆ ಉಜ್ಜುತ್ತೆ. ಬೇಸಿಗೆಯಲ್ಲಿ ಹೋಟೆಲಿನ ಗಲಾಟೆ. ಆದರೆ ತಳ ಗಟ್ಟಿ. ಚಳಿಗಾಲ ತಡಿಯುತ್ತೆ."

"ನಾನೂ ಹಾಗೇ ಲೆಕ್ಕ ಹಾಕಿದ್ದೆ." ಅವಳು ಹಾಯಿಯ ಹಗ್ಗ ಬಿಚ್ಚತೊಡಗಿದಳು. ಮುಖ ಎತ್ತದೆಯೇ ಕೇಳಿದಳು, "ಮನೆಗೆ ಬಂದು ಅಮ್ಮನ ಹತ್ರ ಮಾತಾಡೋಕೆ ಧೈರ್ಯ ಇದೆಯಾ?"

ನೌಫೆಲ್ ಜೆಟ್ಟಿಯ ಅಂಚಿಗೆ ಬಂದ.

"ಇದೆ. ಆದರೆ ಮೊದಲು ನಿಮ್ಮನ್ನ ಕೇಳಬೇಕು. ನೀವು..."

"ಬೂಟು ಬಿಚ್ಚಿ ಹತ್ತು," ಎಂದಳು ಎಮ್ನಾ. "ನಡು ಸಮುದ್ರದಲ್ಲಿ ಕೇಳು."

ಅವನು ನಿಂತಲ್ಲೇ ನಿಂತ. "ಏನಂದ್ರಿ? ಹತ್ತು ಅಂದ್ರಾ... ಹತ್ತಿ ಅಂದ್ರಾ?"

"ಹತ್ತು ಅಂದೆ," ಎಂದಳು ಅವಳು ಮೆಲ್ಲಗೆ, ಕೈ ಚಾಚಿ. "ಹುಷಾರು, ಹಲಗೆ ಜಾರುತ್ತೆ."