ಮೌನೇಶನ ಹೆಸರಿನ ವೈಫೈ

"ನೀವು ಇಂಥವ್ರು ಅಂತ ನಾ ಕನಸಿನ್ಯಾಗೂ ಅನ್ಕೊಂಡಿರಲಿಲ್ರೀ!"

ಕಡ್ಡಿರಾಂಪುರದ ರಸ್ತೆಬದಿಯ ಕೇಬಲ್ ಅಂಗಡಿ ಮುಂದೆ ಸುಮಲತಾ ಏದುಸಿರು ಬಿಡುತ್ತ ನಿಂತಿದ್ದಳು. ಒಳಗೆ ವೈರು ಸುತ್ತುತ್ತಿದ್ದ ಮೌನೇಶ್ ತಲೆಯೆತ್ತಿದ. ಎರಡು ವರ್ಷದಿಂದ ಅವಳ ಮನೆಯ ಇಂಟರ್ನೆಟ್ ನೋಡಿಕೊಳ್ಳುತ್ತಿದ್ದವನು ಅವನೇ.

"ಏನಾತ್ರೀ ಮೇಡಂ?"

"ಲೈನ್ ಶಿಫ್ಟ್ ಮಾಡ್ಸಾಕ ಕಂಪನಿಗೆ ಫೋನ್ ಮಾಡಿದ್ದೆ. ನನ್ನ ಹೆಸರಿನ್ಯಾಗ ಕನೆಕ್ಷನ್ನೇ ಇಲ್ಲಂತ! ನಿಮ್ಮ ಹೆಸರಿನ್ಯಾಗ ಐತಂತ! ಎರಡು ವರ್ಷ ನನ್ನ ಮಂಗ್ಯಾ ಮಾಡಿದ್ರಲ್ಲ?"

ಮೌನೇಶನ ಮುಖ ಬಿಳಚಿಕೊಂಡಿತು. ತಲೆ ತಗ್ಗಿಸಿ ಮತ್ತೆ ವೈರು ಸುತ್ತತೊಡಗಿದ.

'ಒಂದು ಸುಳ್ಳಾದರೂ ಹೇಳಬಾರದೇ? ನಂಬಿಬಿಡುತ್ತಿದ್ದೆನಲ್ಲ!' ಸುಮಲತಾ ಕಣ್ಣೊರೆಸಿಕೊಂಡು ತಿರುಗಿ ನಡೆದಳು.

ತೋರಣಗಲ್ಲಿನ ಕಾರ್ಖಾನೆಯಲ್ಲಿದ್ದ ಅವಳ ಅಣ್ಣನಿಗೆ ಆಂಧ್ರದ ತಾಡಪತ್ರಿಗೆ ವರ್ಗವಾಗಿ, ಮನೆಮಂದಿಯೆಲ್ಲ ಅಲ್ಲಿಗೆ ಹೊರಟಿದ್ದರು. ಶನಿವಾರ ಸಾಮಾನಿನ ಲಾರಿ ಬರುತ್ತದೆ. ಸೋಮವಾರ ಸಂಜೆ ಆರಕ್ಕೆ ಅವಳು ಅಲ್ಲಿಂದಲೇ ಆನ್‌ಲೈನ್ ಗಣಿತದ ಕ್ಲಾಸು ತೆಗೆದುಕೊಳ್ಳಬೇಕು. ಹೊಸ ಕನೆಕ್ಷನ್ನಿಗೆ ಹದಿನೈದು ದಿನ ಕಾಯಬೇಕಂತೆ. ಇದ್ದದ್ದನ್ನೇ ವರ್ಗಾಯಿಸಿದರೆ ಎರಡೇ ದಿನ.

ಕ್ಲಾಸು ಹೋದರೆ ಹೋಗಲಿ... ಆದರೆ ಅವನು? ರಿಪೇರಿಗೆ ಬರುತ್ತಾನೆಂದು ತಿಳಿದ ದಿನವೆಲ್ಲ ಹತ್ತು ಸಲ ಕನ್ನಡಿ ನೋಡಿಕೊಂಡಿದ್ದೆನಲ್ಲ. ಛೆ!

ಮನೆಯಲ್ಲಿ ಪಾತ್ರೆ ಕಟ್ಟಲು ಕೂತಳು. ಎದ್ದಳು. ಮತ್ತೆ ಕೂತಳು.

"ಒಂದ್ ಕಡೆ ಕುಂದ್ರವಾ, ನಿನ್ನ ನೋಡಿ ನನಗ ತಲಿ ತಿರುಗ್ತದ!" ಅವ್ವ ಗದರಿದಳು.

ಸುಮಲತಾ ಮಾಳಿಗೆ ಹತ್ತಿದಳು. ಇಂಟರ್ನೆಟ್ಟಿನ ಕಪ್ಪು ವೈರು ಕಣ್ಣಿಗೆ ಬಿತ್ತು. ಇಡೀ ಓಣಿಯಲ್ಲಿ ಕಂಪನಿಯ ಒಂದು ಕಂಬವೂ ಇಲ್ಲ... ಹಾಗಾದರೆ ಇದು ಬರುತ್ತಿರುವುದು ಎಲ್ಲಿಂದ?

ಚಪ್ಪಲಿ ಮೆಟ್ಟಿ ವೈರಿನ ಹಿಂದೆಯೇ ಹೊರಟಳು. ಅದು ಬೇವಿನ ಮರ ಹತ್ತಿ, ಹುಣಸೆಮರಕ್ಕೆ ದಾಟಿ, ಬಾಳೆತೋಟದ ಅಂಚಿಗೆ ನೆಟ್ಟ ಬಿದಿರುಗಳ ಮೇಲೆ ಸಾಗಿ, ದೊಡ್ಡ ಬಂಡೆಯಾಚೆಯ ಒಂದು ಮನೆಯ ಕಿಟಕಿಯೊಳಗೆ ಹೊಕ್ಕಿತ್ತು.

ಹೊಸ್ತಿಲಲ್ಲಿ ಮೌನೇಶನ ತಾಯಿ ಕೊಟ್ರಬಸಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಸುಮಲತಾ ಅಲ್ಲೇನವಾ? ಬಾ, ಕುಂದ್ರು. ನಿನ್ನ ಕ್ಲಾಸಿನಿಂದ ನನ್ನ ಧಾರಾವಾಹಿ ಎಲ್ಲಾ ಹೋದ್ವು ನೋಡು! ನಮ್ಮ ಟಿವಿಗೂ ಅದ ನೆಟ್ಟು. ಸಂಜಿ ಆತಂದ್ರ, ಅಕಿ ಪಾಠ ನಿಂತುಬಿಡ್ತದ ಅಂತ ಟಿವಿ ಬಂದ್ ಮಾಡ್ತಾನ ನನ್ನ ಮಗ."

ಸುಮಲತಾಳ ಎದೆ ಝಲ್ಲೆಂದಿತು. ಎರಡು ವರ್ಷ... ದಿನಾಲೂ?

ಹಿಂದೆ ಬೈಕು ನಿಂತ ಸದ್ದಾಯಿತು. ಮೌನೇಶ್!

"ಕಂಬ ಇಲ್ಲ, ನಿಮ್ಮ ಓಣಿಗೆ ಕೊಡಂಗಿಲ್ಲ ಅಂದಿತ್ತು ಕಂಪನಿ," ಎಂದ ತಲೆ ತಗ್ಗಿಸಿ. "ಎರಡು ವರ್ಷದ ಹಿಂದ, ಮರುದಿನ ಕ್ಲಾಸು ಐತಿ ಅಂತ ನೀವು ಅಂಗಡಿ ಮುಂದ ಅಳ್ತಾ ನಿಂತಿದ್ರಿ. ನೋಡಾಕ ಆಗ್ಲಿಲ್ಲ. ನಮ್ಮ ಮನೀ ಲೈನನ್ನ ನಿಮ್ಮ ಮನೀತನಕ ಎಳದೆ."

"ಆಮ್ಯಾಲಾದ್ರೂ ಹೇಳಬಹುದಿತ್ತಲ್ರೀ?"

"ಹೇಳಿದ್ರ... ಯಾಕ ಮಾಡಿದಿ ಅಂತ ಕೇಳ್ತಿದ್ರಿ. ಅದಕ್ಕ ಏನಂತ ಹೇಳ್ಲಿ?"

ಕೊಟ್ರಬಸಮ್ಮ ಮೊರ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು.

"ಇವತ್ತ ಶಿಫ್ಟಿಗೆ ಹಾಕ್ತೀನ್ರಿ," ಎಂದ ಮೌನೇಶ್. "ಆದ್ರ ಲೈನ್ ಹಚ್ಚೋವಾಗ ಅದು ಯಾರ ಹೆಸರಿನ್ಯಾಗ ಐತೋ ಅವ್ರು ಆ ಮನ್ಯಾಗ ಇರಬೇಕಂತ ರೂಲು ಐತಿ. ಬಂದು, ಹಚ್ಚಿಸಿ... ಹಂಗ ತಿರುಗಿ ಬಂದುಬಿಡ್ತೀನಿ."

ತಿರುಗಿ ಬಂದುಬಿಡ್ತಾನಂತೆ! ಸುಮಲತಾಗೆ ಸಿಟ್ಟು, ಅಳು, ಪ್ರೀತಿ ಎಲ್ಲ ಒಟ್ಟಿಗೇ ಉಕ್ಕಿದವು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಇಷ್ಟು ದೂರ ವೈಫೈ ಹಚ್ಚಾಕ ಯಾರು ಬರ್ತಾರ ಅಂತ ಅಣ್ಣ ಕೇಳೇ ಕೇಳ್ತಾನ. ಏನ್ ಹೇಳ್ಲಿ?"

"ಏನ್... ಏನ್ ಹೇಳ್ತೀರಿ?"

"ಹೆಣ್ಣು ಕೇಳಾಕ ಬಂದಾರ ಅಂತೀನಿ. ನಿಮ್ಮ ಅವ್ವನ್ನೂ ಕರಕೊಂಡು ಬರ್ರಿ."

ಮೌನೇಶನ ಕಣ್ಣು ತುಂಬಿಬಂದವು.

"ಶನಿವಾರ... ಆ ಲಾರ್ಯಾಗ ಇನ್ನ ಇಬ್ಬರಿಗೆ ಜಾಗ ಸಿಗ್ತದೇನ್ರಿ?"

"ಸಿಗ್ತದ," ಎಂದಳು ಸುಮಲತಾ, ಅಳುತ್ತಲೇ ನಗುತ್ತ. "ನೀ ಬಾ."