ಜಗಳಕ್ಕೆಂದು ಕುಣಿಗಲ್‌ಗೆ

"ಈ ರಿಲೀಸ್ ಬುಡಬೇಡಿ ಮೇಡಂ."

ಕ್ಯಾತ್ಸಂದ್ರದ ಕಾಲೇಜೊಂದರ ಸಭಾಂಗಣದಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತವನು ಹೇಳಿದ್ದು ಇಷ್ಟೇ. ಮೈಕ್ ಹಿಡಿದಿದ್ದ ಇಂಪನಾಳ ಮುಖ ಬಿಸಿಯಾಯಿತು. ಹೆಸರು ಕೇಳುವ ಮೊದಲೇ ಗೊತ್ತಾಗಿಹೋಯಿತು... ಅವನೇ. ಕುಣಿಗಲ್‌ನ ಅನಂತರಾಜು!

ಇಂಪನಾ ಗುಬ್ಬಿಯವಳು. ತುಮಕೂರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಅದರಾಚೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಫೈಲ್ ನಕಲು ಮಾಡುವ, ಅಳಿಸುವ, ಎಷ್ಟು ಜಾಗ ಉಳಿದಿದೆ ಎಂದು ನೋಡುವ ಪುಟ್ಟ ಪುಟ್ಟ ಕಮಾಂಡ್‌ಗಳ ಓಪನ್ ಸೋರ್ಸ್ ಯೋಜನೆ ಅದು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ತಿದ್ದುವವರು ದೇಶದೇಶಗಳಲ್ಲಿದ್ದರು. ಅವರನ್ನೆಲ್ಲ ಒಂದು ದಾರಿಗೆ ತರುವುದು, ಯಾರ ಕೋಡ್ ಸೇರಬೇಕು ಎಂದು ತೀರ್ಮಾನಿಸುವುದು ಇವಳ ಪಾಲಿಗೆ ಬಂದಿತ್ತು. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸ!

"ಸಂಬಳಾನೂ ಇಲ್ಲ, ಒಂದ್ ಒಳ್ಳೆ ಮಾತೂ ಇಲ್ಲ. ಯಾಕೆ ಕಣೇ ನಿಂಗೀ ಕರ್ಮ?" ಎಂದು ಅಮ್ಮ ಪ್ರೇಮಲತಾ ಕೇಳುತ್ತಲೇ ಇದ್ದಳು.

ಆ ಕಪ್ಪೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜಿಗಿಯುತ್ತಿದ್ದವನೇ ಅನಂತರಾಜು. ಕುಣಿಗಲ್‌ನ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಇವಳು ಏನೇ ಕಳಿಸಿದರೂ ಅವನಿಂದ ಇಂಗ್ಲಿಷಿನಲ್ಲಿ ಒಂದು ಸಾಲು: ಇದು ತಪ್ಪು. ಯಾಕೆ ಎಂದು ಕೇಳಿದರೆ ಇನ್ನೊಂದು ಸಾಲು: ಟೆಸ್ಟ್ ಮಾಡಿ ನೋಡಿ. ಎಷ್ಟು ಅಹಂಕಾರ ಇವನಿಗೆ ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಈಗ ಹೊಸ ಆವೃತ್ತಿಯನ್ನು ರಿಲೀಸ್ ಮಾಡುವ ಮೊದಲು ಕರೆದ ಸಭೆಯಲ್ಲಿ, ನೂರಾರು ಜನರ ಮುಂದೆ ಅದೇ ಧಾಟಿ...

ಫೈಲ್ ಅಳಿಸುವ ಕಮಾಂಡಿನಲ್ಲಿ ದೋಷವಿದೆ, ಫೋಲ್ಡರಿನೊಳಗೆ ಬೇರೆ ಜಾಗಕ್ಕೆ ಲಿಂಕ್ ಇದ್ದರೆ ಆ ಜಾಗದಲ್ಲಿರುವುದನ್ನೂ ಅಳಿಸಿಹಾಕುತ್ತದೆ ಎಂದ. ತೋರಿಸಿ ಎಂದಳು. ಅವನು ಲ್ಯಾಪ್‌ಟಾಪ್ ತೆರೆದು ಮತ್ತೆ ಮತ್ತೆ ಪ್ರಯತ್ನಿಸಿದ. ಏನೂ ಆಗಲಿಲ್ಲ. ಯಾರೋ ನಕ್ಕರು.

"ನಮ್ ಲ್ಯಾಬಿನ ಹಳೇ ಮಿಷನ್ನಲ್ಲಿ ಒಂದ್ಸಲ ಆಯ್ತು," ಎಂದ.

"ಒಂದ್ಸಲ ಆಗಿದ್ದಕ್ಕೆ ಎಲ್ಲರ ಕೆಲಸ ನಿಲ್ಸಕ್ಕಾಗಲ್ಲ ರೀ. ತೋರಿಸಿ, ಇಲ್ಲಾ ಕೂತ್ಕೊಳ್ಳಿ."

ಅವನು ಕುಳಿತ. ಗೆದ್ದೆ ಅನ್ನಿಸಬೇಕಿತ್ತು ಅವಳಿಗೆ... ಅನ್ನಿಸಲಿಲ್ಲ.

ರಿಲೀಸ್ ಹೊರಬಿತ್ತು. ಕೆಲವು ದಿನ ಎಲ್ಲ ಶಾಂತ. ಆಮೇಲೆ ದೂರುಗಳು ಶುರುವಾದವು. ಬೇಡದ ಫೋಲ್ಡರ್ ಅಳಿಸಲು ಹೋದವರ ಬೇಕಾದ ಫೈಲುಗಳೂ ಮಾಯ! ಎಲ್ಲಿಯದೋ ಒಬ್ಬ ವಿದ್ಯಾರ್ಥಿನಿಯ ಸಂಶೋಧನೆಯೇ ಹೋಗಿತ್ತು. ಇಂಪನಾ ರಿಲೀಸ್ ಹಿಂದಕ್ಕೆ ಪಡೆದಳು, ಕ್ಷಮೆ ಕೇಳಿದಳು. ದೋಷ ಎಲ್ಲಿದೆ ಎಂದು ಹುಡುಕಿ ಹುಡುಕಿ ಸೋತಳು. ಈ ಹುಡುಗಿಯನ್ನು ಮೊದಲು ತೆಗೆಯಿರಿ ಎಂದು ಬರೆದವರಲ್ಲಿ ಅಂದು ಸಭೆಯಲ್ಲಿ ನಕ್ಕವರೂ ಇದ್ದರು.

ಮರುದಿನ ಚರ್ಚೆಯ ಪುಟ ತೆರೆದರೆ ಅನಂತರಾಜುವಿನ ಸಾಲು: ಇದನ್ನು ಕೆಡಿಸಿದ್ದು ನಾನು ಬರೆದ ಕೋಡ್, ತಪ್ಪು ನನ್ನದು.

ಹಸಿ ಸುಳ್ಳು. ಬೈಗುಳವೆಲ್ಲ ಅವನತ್ತ ತಿರುಗಿತು. ನೆಮ್ಮದಿಯಾಗುವ ಬದಲು ಇಂಪನಾಳ ಮೈಯೆಲ್ಲ ಉರಿಯಿತು. ನನ್ನ ಮೇಲೆ ಕರುಣೆ ತೋರಿಸೋಕೆ ಇವನ್ಯಾರು?

ಶನಿವಾರ ತುಮಕೂರಿನಲ್ಲಿ ಬಸ್ ಬದಲಾಯಿಸಿ ಕುಣಿಗಲ್ ಸೇರುವವರೆಗೂ ಅವಳು ಜಗಳದ ಮಾತುಗಳನ್ನೇ ಜೋಡಿಸಿಕೊಂಡಳು. ಅವನು ಲ್ಯಾಬಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ನನ್ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ? ನಾನು ಕೇಳಿದ್ನಾ?"

"ಅವ್ರು ನಿಮ್ಮನ್ನ ಬೈತಿದ್ದಿದ್ದು ನೋಡಕ್ಕಾಗ್ಲಿಲ್ಲ."

"ಅದಕ್ಕೆ ಸುಳ್ಳು ಬರೆದ್ರಾ? ಈಗ ಎಲ್ಲಾರೂ ನಿಮ್ ಕೋಡಲ್ಲೇ ದೋಷ ಹುಡುಕ್ತಾ ಅವ್ರೆ. ನಿಜವಾದ ಜಾಗ ಯಾರೂ ನೋಡ್ತಿಲ್ಲ."

ಅವನ ಮುಖ ಬಾಡಿತು. ಅದು ತನಗೆ ಹೊಳೆದೇ ಇರಲಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ.

"ಮೊದ್ಲೇ ವಿವರವಾಗಿ ಬರೆದಿದ್ರೆ ಇಷ್ಟೆಲ್ಲ ಆಗ್ತಿತ್ತಾ ಅನಂತರಾಜು?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇಂಗ್ಲಿಷಲ್ಲಿ ಇದು ತಪ್ಪು ಅಂತ ಬರಿಯಕ್ಕೆ ಬರ್ತದೆ ಮೇಡಂ. ಯಾಕೆ ತಪ್ಪು ಅಂತ ಬರಿಯಕ್ಕೆ ಕೂತ್ರೆ... ಬರೆದು ಬರೆದು ಅಳಿಸಿಬುಡ್ತೀನಿ. ನಗ್ತಾರೆ ಅಂತ."

ಇಂಪನಾ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ... ಅಹಂಕಾರ ಅಂದುಕೊಂಡಿದ್ದೆನಲ್ಲ. ಇದು ಬರೀ ಹೆದರಿಕೆ.

"ನನಗಾದ್ರೂ ಕನ್ನಡದಲ್ಲಿ ಬರೀಬಹುದಿತ್ತಲ್ಲ ರೀ. ನಾನೇನ್ ಲಂಡನ್ನಿನವಳಾ? ಗುಬ್ಬಿಯವಳು."

"ನಿಮಗೆ ಬರಿಯಕ್ಕೆ ಇನ್ನೂ ಜಾಸ್ತಿ ಭಯ," ಎಂದ.

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ದೋಷದ ಬಗ್ಗೆ ಕನ್ನಡದಲ್ಲಿ ಕೇಳಿದ್ದೇ ತಡ, ಆ ಮೌನಿಯ ಬಾಯಿ ತೆರೆಯಿತು. ಕೆಲವು ಹಳೆಯ ಡಿಸ್ಕುಗಳಲ್ಲಿ ಮಾತ್ರ ಹೀಗಾಗುತ್ತದೆ ಎಂಬಲ್ಲಿಗೆ ಅವನು ಮುಟ್ಟಿದ್ದ. ಯಾಕೆ ಎಂಬುದು ಇಂಪನಾಳಿಗೆ ಹೊಳೆಯಿತು. ಒಳಗಿರುವುದು ಫೋಲ್ಡರೋ ಲಿಂಕೋ ಎಂದು ಆ ಡಿಸ್ಕು ಹೇಳುವುದೇ ಇಲ್ಲ. ಹೇಳದಿದ್ದರೆ ಫೋಲ್ಡರೇ ಇರಬೇಕು ಎಂದುಕೊಂಡು ಕಮಾಂಡ್ ಒಳನುಗ್ಗುತ್ತದೆ. ಹಾಗೆ ಬರೆದಿದ್ದು ಸ್ವತಃ ಇಂಪನಾ.

ಸಂಜೆಯೊಳಗೆ ಇಬ್ಬರೂ ಸೇರಿ ತಿದ್ದಿದರು. ನಿರ್ಧಾರ ನನ್ನದು, ಅನಂತರಾಜು ಎಚ್ಚರಿಸಿದ್ದರು, ನಾನು ಕೇಳಲಿಲ್ಲ ಎಂದು ಅವಳು ಎಲ್ಲರಿಗೂ ಕಾಣುವಂತೆ ಬರೆದಳು. ಕೆಲವರು ಯೋಜನೆ ಬಿಡುತ್ತೇವೆಂದು ಆಗಲೇ ಬರೆದರು. ಹೋಗಲಿ ಅನ್ನಿಸಿತು.

ಬಸ್ ಸ್ಟ್ಯಾಂಡಿನವರೆಗೂ ಬಂದ ಅನಂತರಾಜು ಅವಳ ಹಿಂದೆಯೇ ತುಮಕೂರು ಬಸ್ ಹತ್ತಿದ.

"ತುಮಕೂರಲ್ಲೇನ್ ಕೆಲಸ ನಿಮಗೆ?"

"ವಾಪಸ್ ಬರೋದು."

ಎಷ್ಟೋ ದಿನಗಳ ನಂತರ ಇಂಪನಾ ನಕ್ಕಳು. ಕಿಟಕಿಯ ಕಡೆ ಸರಿದು ಜಾಗ ಕೊಟ್ಟಳು. ಬಸ್ ಹೊರಟಿತು. ಅವನು ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದ:

"ನಿಮ್ ಉತ್ತರ ಬರ್ಲಿ ಅಂತಾನೆ ಕೆಲವು ಸಲ ತಪ್ಪು ಹುಡುಕ್ತಿದ್ದೆ."

"ಅದ್ರಿಂದ ಎಷ್ಟ್ ರಿಲೀಸ್ ತಡ ಆಯ್ತು ಗೊತ್ತಾ?" ಸಿಟ್ಟು ತಂದುಕೊಳ್ಳಲು ನೋಡಿದಳು. ಬರಲಿಲ್ಲ. "ನನ್ನ ಇಷ್ಟ ಪಡ್ತೀರಾ ಅಂತ ನಾನೇ ಕೇಳ್ಬೇಕಾ?"

"ಪಡ್ತೀನಿ. ಬಾಳ ದಿನದಿಂದ."

"ನಾನು ಇವತ್ತಿಂದ..." ಅವಳ ದನಿ ತಗ್ಗಿತು. "ನಿಮಗಿಂತ ತುಂಬಾ ಹಿಂದೆ ಇದೀನಿ ಅನಂತ. ಕಾಯ್ತೀರಾ?"

"ನಿಧಾನಕ್ಕೆ ಬಾ," ಎಂದ ಅವನು.