ಹತ್ತು ಸುತ್ತಿನ ಲೆಕ್ಕ

ಮಾರ್ಚ್ ಎರಡರ ಬೆಳಿಗ್ಗೆ ಕಾಲಿನಾ ತನ್ನ ಔಷಧಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ವೆಲಿಕಾ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಜಾರಿ ಹೆಗಲ ಮೇಲೆ ಬಿದ್ದಿತ್ತು. ಔಷಧಿಗೆ ಬಂದವಳಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಕಾಲಿನಕ್ಕ, ಮಹಡಿ ಮೇಲಿನವರು ಎದ್ದಿದಾರಾ?"

"ಎದ್ದು, ಕಾಫಿ ಚೆನ್ನಾಗಿಲ್ಲ ಅಂತ ನನ್ನ ಹತ್ರ ಜಗಳಾನೂ ಆಡಿ ಆಯ್ತು. ಬಾ ಒಳಗೆ."

ಮಹಡಿ ಮೇಲಿನವರು ಎಂದರೆ ಪ್ರೊದಾನ್ ವಾಸೆವ್. ದಾರಿಯಲ್ಲಿ ಮುರಿದುಹೋದ ಸರಕನ್ನು ಪರೀಕ್ಷಿಸಿ, ಅದು ಎಲ್ಲಿ, ಯಾರ ಕೈಯಲ್ಲಿ ಮುರಿಯಿತು ಎಂದು ಹೇಳುವುದು ರೈಲ್ವೆಯಲ್ಲಿ ಅವನು ಮೂವತ್ತು ವರ್ಷ ಮಾಡಿದ ಕೆಲಸ. ನಿವೃತ್ತನಾದ ಮೇಲೆ ಊರಿನವರು ಬೇರೆ ಬಗೆಯ ತಂಟೆಗಳನ್ನೂ ಅವನ ಬಳಿಗೆ ತರತೊಡಗಿದರು. ಹನ್ನೊಂದು ವರ್ಷದಿಂದ ಅವನು ಕಾಲಿನಾಳ ಮನೆಯ ಬಾಡಿಗೆದಾರ. ಹೋದಲ್ಲೆಲ್ಲ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಅವನ ಕನ್ನಡಕ ಎಲ್ಲಿದೆ ಎಂದು ಅವಳೊಬ್ಬಳಿಗೇ ಗೊತ್ತಿರುತ್ತಿತ್ತು.

ವೆಲಿಕಾ ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. "ಪ್ರೊದಾನಣ್ಣ, ನಿನ್ನೆ ಮಧ್ಯಾಹ್ನ ಫೌಂಡ್ರಿ ಗೋದಾಮಲ್ಲಿ, ಗೋದಾಮು ನೋಡ್ಕೊಳ್ಳೋ ಸ್ಪಾಸಜ್ಜ ಫ್ಯಾನ್ ಕೆಳಗೆ ಸಿಕ್ಕಿ ಸತ್ತುಬಿದ್ದಿದ್ದ. ಫ್ಯಾನ್ ಎತ್ತಿ ಬೀಳಿಸಿದ್ದು ನನ್ನ ಗಂಡ ಅಂತ ಹಿಡಿದಿದಾರೆ. ಇವತ್ತು ನಾಲ್ಕು ಗಂಟೆ ರೈಲಿಗೆ ಜಿಲ್ಲಾ ಜೈಲಿಗೆ ಕಳಿಸ್ತಾರಂತೆ. ಅಲ್ಲಿಗೆ ಹೋದೋರು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ."

"ನಿನ್ನ ಗಂಡನೇ ಅಂತ ಯಾಕೆ ಹೇಳ್ತಾರೆ?"

"ಫ್ಯಾನ್ ಎತ್ತೋ ಚೈನ್ ಪುಲ್ಲಿ ಬೀಗದ ಕೈ ಇರೋದು ಇಬ್ಬರ ಹತ್ರ ಮಾತ್ರ. ಅಜ್ಜನ ಹತ್ರ ಒಂದು, ನನ್ನ ಗಂಡ ನೆಡೆಲ್ಚೊ ಹತ್ರ ಒಂದು. ಹಿಂದಿನ ದಿನ ಇಬ್ಬರೂ ಜಗಳ ಆಡಿದ್ದನ್ನ ಊರೆಲ್ಲಾ ನೋಡಿದೆ."

ವಾಸೆವ್ ಕಾಫಿ ಲೋಟ ಕೆಳಗಿಟ್ಟು ಕೋಟು ಹುಡುಕತೊಡಗಿದ. ಕನ್ನಡಕ ಕಾಲಿನಾಳ ಕೈಯಲ್ಲಿತ್ತು.

ಗೋದಾಮು ಎರಕದ ಮನೆಯ ಬೆನ್ನಿಗೇ ಇತ್ತು. ಒಂದು ಬಾಗಿಲು ಎರಕದ ಮನೆಗೆ, ಇನ್ನೊಂದು ಆಫೀಸಿನ ಅಂಗಳಕ್ಕೆ. ಒಳಗೆ ಸಾಲಾಗಿ ಆರು ಫ್ಯಾನುಗಳು, ಒಂದೊಂದೂ ಆಳೆತ್ತರ. ಎರಕದ ಮನೆಯ ಹೊಗೆ ಸೆಳೆಯಲೆಂದು ಡಿಸೆಂಬರಿನಲ್ಲಿ ಜರ್ಮನಿಯಿಂದ ಬಂದವು. ಚಾವಣಿಯ ಕೆಲಸ ಮುಗಿಯದೆ ತಾಡಪಾಲು ಹೊದ್ದು ಕಾಯುತ್ತಿದ್ದವು. ಬರುವ ಸೋಮವಾರ ಅವನ್ನು ಮೇಲೇರಿಸುವುದೆಂದು ಗೊತ್ತಾಗಿತ್ತು. ಗಾಳಿಗೆ ತಾವಾಗಿ ತಿರುಗದಂತೆ ಚಕ್ರಗಳನ್ನು ಹಗ್ಗದಿಂದ ಬಿಗಿದಿದ್ದರು. ಒಡೆದ ಗಾಜಿನಿಂದ ಗಾಳಿ ನುಗ್ಗಿದಾಗಲೆಲ್ಲ ಹಗ್ಗಗಳು ಬಿಗಿದು ನರಳುತ್ತಿದ್ದವು. ಕಾಲಿನಾಳಿಗೆ ಆ ಸದ್ದು ಒಂದಿಷ್ಟೂ ಹಿಡಿಸಲಿಲ್ಲ. ಯಾರೋ ಹಲ್ಲು ಕಚ್ಚಿ ನೋವು ತಡೆದುಕೊಳ್ಳುತ್ತಿದ್ದಾರೆ ಅನ್ನಿಸಿತು.

ಇನ್ಸ್‌ಪೆಕ್ಟರ್ ಗಾಂಚೆವ್ ಅವರಿಬ್ಬರನ್ನೂ ನೋಡಿ ಹುಬ್ಬೇರಿಸಿದ. "ಏನ್ ವಾಸೆವ್ ಅವರೇ, ಇದು ರೈಲ್ವೆ ಪಾರ್ಸೆಲ್ ಅಲ್ಲ."

"ಮುರಿದಿದೆ ತಾನೇ? ನೋಡೋಣ ಬಿಡಿ."

ಆರನೇ ಫ್ಯಾನು ಓರೆಯಾಗಿ ಬಿದ್ದಿತ್ತು. ಎತ್ತಲು ಅದರ ಚೌಕಟ್ಟಿನ ನಾಲ್ಕು ಮೂಲೆಗೂ ಹಳದಿ ಬಳಿದ ಕಬ್ಬಿಣದ ಬಳೆಗಳಿದ್ದವು. ಪುಲ್ಲಿಯ ಸರಪಳಿ ಮಾತ್ರ ಅವನ್ನು ಬಿಟ್ಟು ಚಕ್ರ ತಿರುಗುವ ನಡುವಿನ ಶಾಫ್ಟಿಗೆ ಸುತ್ತಿಕೊಂಡಿತ್ತು. ಶಾಫ್ಟು ಬಾಗಿತ್ತು.

"ಬಳೆ ಬಿಟ್ಟು ಶಾಫ್ಟ್ ಹಿಡಿದು ಎತ್ತಿದಾನೆ. ಜಾರಿ ಮುದುಕನ ಎದೆ ಮೇಲೆ ಬಿತ್ತು. ಹೆದರಿ ಓಡಿದ," ಎಂದ ಗಾಂಚೆವ್.

"ಇಪ್ಪತ್ತು ವರ್ಷ ಕ್ರೇನ್ ನಡೆಸಿದವನು ಶಾಫ್ಟ್ ಹಿಡಿದು ಎತ್ತುತ್ತಾನಾ?"

"ಕುಡಿದಿದ್ದಿರಬಹುದು."

ವಾಸೆವ್ ಕೆಳಗೆ ಕೂತು ಫ್ಯಾನಿನ ನೆಗ್ಗಿದ ಮೂಲೆಯನ್ನು ಉಗುರಿನಿಂದ ಕೆರೆದ. ಕಂದು ಪುಡಿ ಉದುರಿತು. ನೆಲಕ್ಕೆ ತಾಗಿದ್ದ ಇನ್ನೊಂದು ಮೂಲೆಯ ಗೀರು ಬೆಳ್ಳಗೆ ಹೊಳೆಯುತ್ತಿತ್ತು. ಎರಡನ್ನೂ ಕಾಲಿನಾಳಿಗೆ ತೋರಿಸಿ ಎದ್ದ.

ಗೋಡೆಯ ಮೇಲೆ ಇಂಜಿನಿಯರ್ ರಾಡ್ಕೊ ಮಿಂಚೆವ್ ಜರ್ಮನ್ ಕಾಗದದಿಂದ ಅನುವಾದಿಸಿ ಅಂಟಿಸಿದ ಸೂಚನೆಯಿತ್ತು: ಪ್ರತಿ ತಿಂಗಳ ಒಂದನೇ ತಾರೀಖು ಚಕ್ರಗಳನ್ನು ಕೈಯಿಂದ ಹತ್ತು ಸುತ್ತು ತಿರುಗಿಸತಕ್ಕದ್ದು. ಪ್ರತಿ ಫ್ಯಾನಿಗೂ ಒಂದು ಚೀಟಿ ನೇತುಬಿದ್ದಿತ್ತು. ಅದರಲ್ಲಿ ತಾರೀಖು, ಸಮಯ, ಸ್ಪಾಸ್‌ನ ಒಂದಕ್ಷರದ ಸಹಿ. ನಿನ್ನೆಯದು ಒಂದನೇ ಫ್ಯಾನಿಗೆ ಎಂಟು ಹತ್ತು, ಎರಡನೆಯದಕ್ಕೆ ಎಂಟು ನಲವತ್ತು; ಹೀಗೇ ಅರ್ಧರ್ಧ ಗಂಟೆಗೆ ಒಂದರಂತೆ ಐದನೆಯದಕ್ಕೆ ಹತ್ತು ಗಂಟೆ ಹತ್ತು ನಿಮಿಷ. ಆರನೆಯದರಲ್ಲಿ ಏನೂ ಇರಲಿಲ್ಲ.

"ಅಂದ್ರೆ ಹತ್ತೂ ಹತ್ತರ ತನಕ ಬದುಕಿದ್ದ," ಎಂದ ಗಾಂಚೆವ್. "ನೆಡೆಲ್ಚೊ ಹತ್ತು ಗಂಟೆವರೆಗೆ ಎರಕದ ಕ್ರೇನ್ ಮೇಲಿದ್ದ. ಆಮೇಲೆ ಒಬ್ಬನೇ ಅಂಗಳದಲ್ಲಿ ಅಲೆದಾಡ್ತಿದ್ದ. ಇನ್ನೇನ್ ಬೇಕು?"

ವಾಸೆವ್ ತಾಡಪಾಲುಗಳನ್ನು ಸರಿಸಿದ. ಬೇರಿಂಗಿನ ಅಂಚಿನಲ್ಲಿ ಹೊಸ ಗ್ರೀಸು ಉಬ್ಬಿ ಬಂದಿದ್ದನ್ನು ಐದೂ ಫ್ಯಾನುಗಳಲ್ಲಿ ನೋಡಿದ. "ಕಾಲಿನಾ, ಒಂದನೆಯದರ ಮೇಲಿನ ರೆಕ್ಕೆ ಸವರಿ ನೋಡಿ."

ಸವರಿದಳು. ಕೈಗವಸಿಗೆ ಏನೂ ಅಂಟಲಿಲ್ಲ.

"ಈಗ ಅದರ ಬಲಗಡೆಯ ರೆಕ್ಕೆ."

ಬೆರಳೆಲ್ಲ ಕಪ್ಪಾಯಿತು. ಎರಡನೇ ಫ್ಯಾನಿನಲ್ಲಿ ಮೇಲಿನ ರೆಕ್ಕೆಯೇ ಕಪ್ಪು. ಮೂರು, ನಾಲ್ಕು, ಐದೂ ಹಾಗೆಯೇ.

"ಇದಕ್ಕೆ ನನ್ನ ಕೈಗವಸೇ ಬೇಕಿತ್ತಾ? ನಿಮಗೂ ಎರಡು ಕೈ ಇವೆಯಲ್ಲ."

"ನಂದು ಮೊದಲೇ ಕೊಳಕು. ಏನೂ ಕಾಣ್ತಿರಲಿಲ್ಲ," ಎಂದ ಅವನು.

ಡಾಕ್ಟರ ಕಾಗದವನ್ನು ಕಾಲಿನಾ ಓದಿದಳು. ಎದೆಮೂಳೆ ಜಜ್ಜಿ ಸಾವು. ತಲೆಯ ಹಿಂದೆ ಊದಿಕೊಂಡ ಗಾಯ. ಊದಿಕೊಂಡ ಎನ್ನುವ ಕಡೆ ಅವಳ ಕಣ್ಣು ನಿಂತಿತು. ಆ ಸಾಲನ್ನು ಮತ್ತೊಮ್ಮೆ ಓದಿ ಕಾಗದ ಹಿಂದಿರುಗಿಸಿದಳು.

ನೆಡೆಲ್ಚೊನನ್ನು ಗೇಟಿನ ಕೋಣೆಯಲ್ಲಿ ಕೂರಿಸಿದ್ದರು. ಎತ್ತರದ ಆಳು, ಬೇಡಿ ಬಿದ್ದ ಕೈಗಳನ್ನು ಮಂಡಿಯ ನಡುವೆ ಇಟ್ಟುಕೊಂಡು ನೆಲ ನೋಡುತ್ತಿದ್ದ. ಗೇಟು ಕಾಯುವ ದೊಂಚೊ ಕೇಳದಿದ್ದರೂ ಮಾತು ಸೇರಿಸಿದ. "ಆ ಮುದುಕನ ಹತ್ರ ಯಾರು ಜಗಳ ಆಡಿರ್ಲಿಲ್ಲ ಹೇಳಿ? ಬೂಟು ಒರಸ್ಕೊಳ್ಳದೆ ಹೋದೆ ಅಂತ ಎರಡು ವರ್ಷ ನನ್ನನ್ನ ಗೋದಾಮಿಗೆ ಬಿಡ್ಲಿಲ್ಲ."

"ಜಗಳ ಯಾತಕ್ಕಪ್ಪಾ?" ಎಂದು ವಾಸೆವ್ ನೆಡೆಲ್ಚೊನನ್ನು ಕೇಳಿದ.

"ಆರನೇದರ ಶಾಫ್ಟ್ ನೆಟ್ಟಗಿಲ್ಲ, ತಿರುಗಿಸಿದ್ರೆ ಉಜ್ಜುತ್ತೆ, ಸೋಮವಾರ ನೀನು ಅದನ್ನ ಎತ್ತಲೇಬೇಡ ಅಂದ. ನಮ್ಮ ತಲೆ ಮೇಲೆ ಅದು ಓಡ್ತಾ ಓಡ್ತಾ ಸಿಡಿದ್ರೆ ಮೂವತ್ತು ಜನ ಹೋಗ್ತಾರಂತೆ. ನಿಂಗೆ ಕಬ್ಬಿಣ ಕಂಡ್ರೆ ದೆವ್ವ ಕಾಣುತ್ತೆ ಅಂತ ನಾನು ಬೈದೆ. ಇಂಜಿನಿಯರಿಗೆ ಹೇಳು ಅಂದೆ. ಹೇಳಿದೀನಿ, ಕೇಳ್ತಿಲ್ಲ, ನಾಳೆ ಚೀಟಿಯಲ್ಲೇ ಬರೀತೀನಿ ಅಂದ."

ಇಂಜಿನಿಯರ್ ಮಿಂಚೆವ್ ಆಫೀಸಿನಲ್ಲಿ ಎದ್ದು ನಿಂತು ಬರಮಾಡಿಕೊಂಡ. ಬೇಸಿಗೆಗೆ ಮುಖ್ಯ ಇಂಜಿನಿಯರ್ ಆಗುವವನೆಂದು ಊರು ಆಗಲೇ ತೀರ್ಮಾನಿಸಿತ್ತು. ನಿನ್ನೆ ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ ಅವನು ಈ ಕೋಣೆಯಲ್ಲೇ ಇದ್ದ ಎಂದು ಆಫೀಸಿನ ಹೆಂಗಸರೆಲ್ಲ ಹೇಳಿದರು. ಮಾರ್ಚ್ ಒಂದರಂದು ವಸಂತದ ಶುಭಕ್ಕೆಂದು ಮಣಿಕಟ್ಟಿಗೆ ಕೆಂಪು ಬಿಳಿ ದಾರ ಕಟ್ಟುವುದು ಅಲ್ಲಿಯ ವಾಡಿಕೆ; ಆಫೀಸಿಗೆ ಬಂದವರಿಗೆಲ್ಲ ಬಂದ ಕೂಡಲೇ ಕಟ್ಟಿದವರೂ ಅವರೇ. ಎಲ್ಲರ ಮಣಿಕಟ್ಟಿನಲ್ಲೂ ದಾರ ಹೊಸದಾಗಿ ಹೊಳೆಯುತ್ತಿತ್ತು. ಇಂಜಿನಿಯರನ ದಾರದ ಬಿಳಿ ಮಾತ್ರ ಆಗಲೇ ಕಂದಿತ್ತು. ಗಂಡಸರಿಗೆ ಒಂದು ದಾರವನ್ನೂ ಚೊಕ್ಕವಾಗಿ ಇಟ್ಟುಕೊಳ್ಳಲು ಬರುವುದಿಲ್ಲ ಎಂದುಕೊಂಡಳು ಕಾಲಿನಾ.

"ಗೋದಾಮಿಗೆ ಕೊನೇ ಸಲ ಯಾವಾಗ ಹೋಗಿದ್ರಿ?" ಎಂದು ಕೇಳಿದ ವಾಸೆವ್.

"ಫೆಬ್ರವರಿ ಮಧ್ಯದಲ್ಲಿ. ಅದಾದ ಮೇಲೆ ಹೋಗಿದ್ದು ನಿನ್ನೆ ಹೆಣ ನೋಡೋಕೆ. ಅದೂ ಬಾಗಿಲ ತನಕ. ಪಾಪ, ಒಳ್ಳೇ ಕೆಲಸಗಾರ. ವಯಸ್ಸಾಗಿತ್ತು."

ವಾಸೆವ್ ಫ್ಯಾನು ಬಂದ ದಿನದ ರಸೀದಿ ಕೇಳಿ ತೆಗೆಸಿಕೊಂಡ. ಅಂದು ಸ್ಪಾಸ್ ರಜೆಯಲ್ಲಿದ್ದ. ಲಾರಿ ಗೇಟಿಗೆ ಬಂದದ್ದು ನಾಲ್ಕೂ ಹತ್ತಕ್ಕೆ. ಯಾವ ಹಾನಿಯೂ ಇಲ್ಲ ಎಂದು ಬರೆದು ಮಿಂಚೆವ್ ಸಹಿ ಹಾಕಿದ್ದು ನಾಲ್ಕೂ ಹದಿನೈದಕ್ಕೆ. ವಾಸೆವ್ ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿದ.

ಮೂರು ಗಂಟೆಗೆ ಎಲ್ಲರೂ ಗೋದಾಮಿನಲ್ಲಿ ಸೇರಿದರು. ವೆಲಿಕಾ ಗೋಡೆಗೆ ಒರಗಿ ಗಡಿಯಾರವನ್ನೇ ನೋಡುತ್ತಿದ್ದಳು. ರೈಲಿಗೆ ಒಂದು ಗಂಟೆ ಉಳಿದಿತ್ತು.

"ಒಂದು ಸಣ್ಣ ಕೆಲಸ," ಎಂದ ವಾಸೆವ್. "ಈ ಒಂದನೇ ಫ್ಯಾನನ್ನ ತಿಂಗಳ ಮೊದಲ ದಿನ ಹೇಗೆ ತಿರುಗಿಸ್ತಾರೋ ಹಾಗೆ ಮೂರು ಜನ ತಿರುಗಿಸಿ ತೋರಿಸಿ. ದೊಂಚೊ, ನೀನು ಮೊದಲು."

ದೊಂಚೊ ಹಗ್ಗ ಬಿಚ್ಚಿ ನಾಲ್ಕು ಸಲ ನೂಕಿ ಕೈಬಿಟ್ಟ. ಚಕ್ರ ತನ್ನಷ್ಟಕ್ಕೆ ಎಲ್ಲೋ ನಿಂತಿತು. "ನಂಗೇನ್ ಗೊತ್ತು ಇದೆಲ್ಲಾ. ನಾನು ಗೇಟ್ ಕಾಯೋನು."

ಮಿಂಚೆವ್ ಕೋಟು ಬಿಚ್ಚಿ ಮಡಿಸಿಟ್ಟ. ಚಕ್ರದ ನಡುವಿನ ಕೆಂಪು ಬಾಣವನ್ನು ಮೇಲಕ್ಕೆ ತಂದು, ಅದು ಮತ್ತೆ ಮೇಲೆ ಬಂದಾಗಲೆಲ್ಲ ಗಟ್ಟಿಯಾಗಿ ಎಣಿಸಿದ. ಹತ್ತು ಎಂದಾಗ ಬಾಣವನ್ನು ಕೂದಲೆಳೆ ತಪ್ಪದಂತೆ ಹೊರಟಲ್ಲೇ ನಿಲ್ಲಿಸಿದ.

ನೆಡೆಲ್ಚೊನ ಬೇಡಿ ಬಿಚ್ಚಿದರು. ಅವನೂ ಹತ್ತು ಸುತ್ತು ತಿರುಗಿಸಿದ. ಆಮೇಲೆ ಕಾಲು ಸುತ್ತು ಮುಂದಕ್ಕೆ ಒತ್ತಿ ಅಂಗೈಯಿಂದ ತಡೆದು ನಿಲ್ಲಿಸಿದ.

"ಅದ್ಯಾಕೆ ಆ ಕಾಲು ಸುತ್ತು?"

"ಹೊರಟ ಜಾಗದಲ್ಲೇ ನಿಲ್ಸಿದ್ರೆ ತಿರುಗಿಸಿ ಏನ್ ಬಂತು? ಭಾರ ಹಳೇ ಗುಂಡುಗಳ ಮೇಲೇ ಕೂತು ಬೇರಿಂಗ್ ಗುಳಿ ಬೀಳುತ್ತೆ. ಸ್ಪಾಸಜ್ಜ ಕಲಿಸಿದ್ದು. ಅವನು ಎಂದೂ ತಪ್ಪಿಸ್ತಿರಲಿಲ್ಲ."

ಗಾಳಿ ನುಗ್ಗಿ ಹಗ್ಗಗಳು ನರಳಿದವು.

"ಈ ಊರಲ್ಲಿ ಮಸಿ ತಾಡಪಾಲಿನ ಒಳಗೂ ನುಗ್ಗುತ್ತೆ," ಎಂದು ವಾಸೆವ್ ಶುರುಮಾಡಿದ. "ತಿಂಗಳಿಡೀ ಮೇಲೆ ನಿಂತ ರೆಕ್ಕೆಗೆ ಮಸಿ ಕೂರುತ್ತೆ. ಬೆಳಿಗ್ಗೆ ನೋಡಿದಾಗ ಒಂದನೇ ಫ್ಯಾನಿನ ಮಸಿ ರೆಕ್ಕೆ ಬಲಕ್ಕೆ ಹೋಗಿತ್ತು. ಅಲ್ಲಿಗೆ ಅದನ್ನ ತಿರುಗಿಸಿದ್ದು ಸ್ಪಾಸ್. ಉಳಿದ ನಾಲ್ಕರಲ್ಲಿ ಮಸಿ ರೆಕ್ಕೆ ಮೇಲೇ ಇತ್ತು. ಹಾಗಂತ ತಿರುಗಿಸೇ ಇಲ್ಲ ಅನ್ನೋ ಹಾಗಿಲ್ಲ, ಹೊಸ ಗ್ರೀಸ್ ಉಬ್ಬಿದೆ. ಯಾರೋ ತಿರುಗಿಸಿದಾನೆ, ಸರಿಯಾಗಿ ಹತ್ತೇ ಸುತ್ತು. ಗೋಡೆ ಮೇಲಿನ ಕಾಗದದಲ್ಲಿ ಅಷ್ಟೇ ಇದೆ. ಆ ಯಾರೋ ಸ್ಪಾಸ್ ಅಲ್ಲ, ನೆಡೆಲ್ಚೊನೂ ಅಲ್ಲ."

"ಸತ್ತವನ ಕೆಲಸ ಇನ್ನೊಬ್ಬ ಯಾಕೆ ಮಾಡ್ತಾನೆ?" ಎಂದ ಗಾಂಚೆವ್.

"ಸಮಯ ಮುಂದೂಡೋಕೆ. ಒಂದನೇ ಫ್ಯಾನ್ ಆದ ಕೂಡ್ಲೇ, ಎಂಟೂ ಕಾಲರ ಹೊತ್ತಿಗೇ, ಸ್ಪಾಸ್ ನೆಲಕ್ಕೆ ಬಿದ್ದಾಗಿತ್ತು. ಆಗ ನೆಡೆಲ್ಚೊ ಮೂವತ್ತು ಜನರ ಕಣ್ಣೆದುರು ಕ್ರೇನ್ ಮೇಲಿದ್ದ. ತಿಂಡಿ ಬಿಡುವಿಗೂ ಇಳಿಯಲಿಲ್ಲವಂತೆ. ಅದಕ್ಕೇ ಚೀಟಿಗಳಲ್ಲಿ ಸುಳ್ಳು ಸಮಯ ಬರೆದು ಸಾವನ್ನ ಹತ್ತು ಗಂಟೆಯಿಂದ ಈಚೆಗೆ ಎಳೆದು ತಂದ್ರು. ಪುಲ್ಲಿ ಬೀಗದ ಕೈ ಅಜ್ಜನ ಜೇಬಿಂದ ತಗೊಂಡು ಮತ್ತೆ ಅಲ್ಲೇ ಇಟ್ರು. ಸರಪಳಿ ಶಾಫ್ಟಿಗೇ ಯಾಕೆ ಸುತ್ತಿದ್ರು ಗೊತ್ತಾ? ಬಾಗಿದ ಶಾಫ್ಟಿಗೆ ಒಂದು ನೆಪ ಬೇಕಿತ್ತು. ಆದ್ರೆ ನೆಗ್ಗಿದ ಮೂಲೆಯಲ್ಲಿ ತುಕ್ಕು ಇದೆ. ನಿನ್ನೆ ಬಿದ್ದ ಪೆಟ್ಟಾದ್ರೆ ಹೊಳೀಬೇಕಿತ್ತು. ಆ ಫ್ಯಾನ್ ಡಿಸೆಂಬರಿನಲ್ಲಿ ದಾರಿಯಲ್ಲೇ ಪೆಟ್ಟು ತಿಂದು ಬಂದಿತ್ತು. ಆರು ಪೆಟ್ಟಿಗೆಗೆ ಐದು ನಿಮಿಷದಲ್ಲಿ ಸಹಿ ಹಾಕಿದ್ರೆ ಅದು ಹೇಗೆ ಕಾಣುತ್ತೆ, ಮಿಂಚೆವ್ ಅವರೇ?"

ಮಿಂಚೆವ್ ನಗಲು ನೋಡಿದ. "ಹತ್ತು ಸುತ್ತು ತಿರುಗಿಸಿದ್ದಕ್ಕೆ ಕೊಲೆಗಾರ ಅಂತೀರಾ?"

"ಇಲ್ಲ. ನಿಮ್ಮ ಕೈ ಕೊಡಿ."

ಕಾಲಿನಾ ಮುಂದೆ ಬಂದು ಅವನ ಮಣಿಕಟ್ಟಿನ ದಾರವನ್ನು ಒಳಮಗ್ಗುಲಿಗೆ ತಿರುವಿದಳು. ಅಲ್ಲಿ ಗ್ರೀಸು ಮಸಿಯೊಂದಿಗೆ ಕಲೆತು ಗಟ್ಟಿಯಾಗಿ ಅಂಟಿತ್ತು; ಈಗಷ್ಟೇ ಹತ್ತಿದ್ದಲ್ಲ.

"ದಾರ ಕಟ್ಟಿದ್ದು ನಿನ್ನೆ ಒಂಬತ್ತೂವರೆಗೆ," ಎಂದ ವಾಸೆವ್. "ಅಂಗೈ ತೊಳ್ಕೊಂಡು ಬಂದಿದ್ರಿ, ಮಣಿಕಟ್ಟು ಮರೆತ್ರಿ. ಆಮೇಲೆ ಆಫೀಸು ಬಿಟ್ಟು ಹೋಗಿಲ್ಲ ಅಂತ ಎಲ್ಲರೂ ಸಾಕ್ಷಿ ಹೇಳಿದಾರೆ. ಹೆಣ ನೋಡೋಕೂ ಬಾಗಿಲ ತನಕ ಮಾತ್ರ ಅಂತ ನೀವೇ ಅಂದ್ರಿ. ಹಾಗಾದ್ರೆ ಈ ಗ್ರೀಸು ಎಲ್ಲಿಂದ ಬಂತು?"

ಮಿಂಚೆವ್ ಕೈ ಎಳೆದುಕೊಳ್ಳಲಿಲ್ಲ. "ಚೀಟಿಯಲ್ಲಿ ಬರೀತೀನಿ ಅಂದ. ಬೇಡ ಅಂದೆ. ಕೇಳಲಿಲ್ಲ. ನೂಕಿದೆ, ತಲೆ ಹೋಗಿ ಫ್ಯಾನಿನ ಕಾಲಿಗೆ ಬಡೀತು. ಸತ್ತೇಹೋದ ಅಂತ ತಿಳಿದೆ. ಕೊಲ್ಲಬೇಕು ಅಂತ ಇರಲಿಲ್ಲ."

ಕಾಲಿನಾ ಸುಮ್ಮನಿರಬಹುದಿತ್ತು. ಆದರೆ ಡಾಕ್ಟರ ಕಾಗದದ ಆ ಸಾಲು ಅವಳಿಗೆ ಮರೆತಿರಲಿಲ್ಲ.

"ಸತ್ತಿರಲಿಲ್ಲ," ಎಂದಳು. "ಸತ್ತವರ ಗಾಯ ಊದಿಕೊಳ್ಳೋದಿಲ್ಲ. ನೀವು ನಾಲ್ಕು ಚಕ್ರ ತಿರುಗಿಸಿ, ಎಣಿಸಿ, ಚೀಟಿ ಬರೆಯೋ ತನಕ ಒಂದು ಗಂಟೆ ಅವರಿಗೆ ಉಸಿರಿತ್ತು. ಯಾರನ್ನಾದ್ರೂ ಕೂಗಿದ್ರೆ ಉಳೀತಿದ್ರು. ಅವರು ಸತ್ತಿದ್ದು ನೀವು ಫ್ಯಾನ್ ಇಳಿಸಿದ ಮೇಲೆ."

ಗಾಂಚೆವ್ ನೆಡೆಲ್ಚೊನಿಂದ ಬಿಚ್ಚಿದ್ದ ಬೇಡಿಯನ್ನೇ ಮಿಂಚೆವ್‌ಗೆ ಹಾಕಿಸಿ ಅಂಗಳದ ಬಾಗಿಲಿನಿಂದ ಕರೆದೊಯ್ದ.

ವೆಲಿಕಾ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. "ನಡಿ ಮನೆಗೆ. ನಿನ್ನೆಯಿಂದ ಒಂದು ತುತ್ತೂ ತಿಂದಿಲ್ಲ."

ಅವನು ಕದಲಲಿಲ್ಲ. ಎರಕದ ಮನೆಯ ಬಾಗಿಲನ್ನು ನೋಡುತ್ತ ನಿಂತಿದ್ದ.

"ಹೋಗೋ ತಮ್ಮಾ," ಎಂದಳು ಕಾಲಿನಾ. "ಎಲ್ಲಾ ಮುಗೀತು."

"ದಿನಾ ಒಂಬತ್ತಕ್ಕೆ ನಾನೂ ಅಜ್ಜನೂ ಇಲ್ಲೇ ಕೂತು ತಿಂಡಿ ತಿಂತಿದ್ವಿ ಅಕ್ಕ," ಎಂದ ಅವನು. "ಒಂದು ದಿನಾನೂ ತಪ್ಪಿಸಿರಲಿಲ್ಲ. ಜಗಳ ಆಡಿದ್ವಲ್ಲ, ಅದಕ್ಕೆ ನಿನ್ನೆ ನಾನು ಇಳೀಲಿಲ್ಲ. ಅವನೇ ಬಂದು ಕರೀಲಿ ಅಂತ, ಬಿಡುವು ಮುಗಿಯೋ ತನಕ ಕ್ರೇನ್ ಮೇಲಿಂದ ಈ ಬಾಗಿಲನ್ನೇ ನೋಡ್ತಾ ಕೂತಿದ್ದೆ."